ಮಾಸ್ತ್ರೋಯಾನಿ ಅಂದ್ರೆ ಬರೀ ಸೂಟು, ಕೂಲಿಂಗ್ ಗ್ಲಾಸ್ ಅಲ್ಲ (ಭಾಗ 3)

ಕಪ್ಪು ಸೂಟು, ರೋಮಿನ ಟ್ರೆವಿ ಕಾರಂಜಿ, ಹಿಂದೆ ಸ್ಲೋ ಮ್ಯೂಸಿಕ್, ಮೇಲೆ ‘ಗಂಡಸು ಅಂದ್ರೆ ಹೀಗಿರಬೇಕು’ ಅಂತ ಒಂದು ಸಾಲು. ಮಾರ್ಚೆಲ್ಲೊ ಮಾಸ್ತ್ರೋಯಾನಿ ಬಗ್ಗೆ ರೀಲ್ಸ್ ಮಾಡೋರಿಗೆ ಇಷ್ಟೇ ಸಾಕು. ನನ್ನ ತಕರಾರು ಇರೋದೇ ಅಲ್ಲಿ.

‘ಲಾ ಡೋಲ್ಚೆ ವೀಟಾ’ (1960) ಸಿನಿಮಾದಲ್ಲಿ ಆ ಸೀನ್ ಪೂರ್ತಿ ನೋಡಿ. ಇವನು ಅವಳ ಹತ್ತಿರ ಹೋಗಿ ನಿಂತಾಗ ಕಾರಂಜಿ ನೀರೇ ನಿಂತುಹೋಗುತ್ತೆ, ಬೆಳಗಾಗಿಬಿಡುತ್ತೆ. ವಾಪಸ್ ಬಂದ್ರೆ ಅವಳ ಗೆಳೆಯನ ಕೈಲಿ ಒದೆ. ಫೆಲಿನಿ ತೋರಿಸಿದ್ದು ಸೋತವನನ್ನ. ರೀಲ್ ಮುಗಿಯೋದು ಮಾತ್ರ ನೀರು ನಿಲ್ಲೋ ಮುಂಚೆ! ಖರ್ಚಿನ ಪುಟ ಹರಿದು ಹಾಕಿ, ಆದಾಯ ಮಾತ್ರ ತೋರಿಸಿ, ಕಂಪನಿ ಲಾಭದಲ್ಲಿದೆ ಅಂದ ಹಾಗಾಯ್ತು. ಬಿಕಾಂ ಓದೋರು ಇದನ್ನ ಒಪ್ಪೋಕಾಗುತ್ತಾ?

ಅಂದಹಾಗೆ ಅವರೂ ಲೆಕ್ಕದ ಮನುಷ್ಯನೇ. ಯುದ್ಧ ಮುಗಿದ ಮೇಲೆ ರೋಮಿನ ಒಂದು ಸಿನಿಮಾ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ, ಜೊತೆಗೆ ನಾಟಕ. 1948ರಲ್ಲಿ ವಿಸ್ಕೊಂತಿಯ ರಂಗತಂಡ.

‘ಲ್ಯಾಟಿನ್ ಲವರ್’ ಪಟ್ಟ ಸಿಕ್ಕ 1960ರಲ್ಲೇ ಅವರು ಮಾಡಿದ್ದು ‘ಇಲ್ ಬೆಲ್ ಆಂತೋನಿಯೊ’. ಊರ ಹೆಂಗಸರೆಲ್ಲ ಮರುಳಾಗೋ ಚೆಲುವ, ಆದರೆ ಷಂಡ. ಆ ಕಾಲದ ಯಾವ ಸ್ಟಾರ್ ಇಂಥ ಪಾತ್ರ ಒಪ್ಪೋನು? 1961ರ ‘ಡಿವೋರ್ಸ್ ಇಟಾಲಿಯನ್ ಸ್ಟೈಲ್’ನಲ್ಲಿ ತಲೆಗೆ ಎಣ್ಣೆ ಮೆತ್ತಿಕೊಂಡು, ಹೆಂಡತೀನ ಕೊಲ್ಲೋ ಪ್ಲಾನ್ ಹಾಕೋ ನಗೆಪಾಟಲಿನ ಬ್ಯಾರನ್. 1963ರ ‘ಇ ಕಂಪಾನ್ಯಿ’ಯಲ್ಲಿ ಟ್ಯೂರಿನ್ ಗಿರಣಿ ಕೂಲಿಗಳ ಮುಷ್ಕರಕ್ಕೆ ನಿಂತ ಹರಕಲು ಬಟ್ಟೆಯ ಮೇಷ್ಟ್ರು. 1977ರ ‘ಎ ಸ್ಪೆಷಲ್ ಡೇ’: 1938ರಲ್ಲಿ ಹಿಟ್ಲರ್ ರೋಮಿಗೆ ಬಂದ ದಿನ, ಸಲಿಂಗಿ ಅಂತ ಕೆಲಸ ಕಳಕೊಂಡು ಮನೇಲಿ ಒಂಟಿಯಾಗಿ ಕೂತ ರೇಡಿಯೋ ಅನೌನ್ಸರ್. ‘ಗಂಡಸು ಅಂದ್ರೆ ಹೀಗಿರಬೇಕು’ ಅಂತ ಹೇಳ್ತಿದ್ದದ್ದು ಅವತ್ತು ಮುಸೊಲಿನಿ ಸರ್ಕಾರ. ಇವತ್ತು ಅದೇ ಮಾತನ್ನ ಇವರ ಮುಖದ ಮೇಲೇ ಅಂಟಿಸ್ತಿದ್ದೀವಿ.

‘ರೀಲ್ ನೋಡಿಯಾದ್ರೂ ಜನ ಸಿನಿಮಾ ನೋಡ್ತಾರಲ್ಲ’ ಅಂತೀರಾ? ನೋಡಲಿ, ಸಂತೋಷ. ಆದರೆ ನನ್ನ ವಯಸ್ಸಿನ ಹುಡುಗರಿಗೆ ‘ಸೋಲಬೇಡ, ಅಳಬೇಡ, ಸ್ಟೈಲಾಗಿರು’ ಅನ್ನೋ ಪಾಠ ಈಗಾಗಲೇ ಬೇಕಾದಷ್ಟು ಸಿಕ್ಕಿದೆ. ಸೋಲೋ ಗಂಡಸನ್ನ ಅಷ್ಟು ವರ್ಷ ಮರ್ಯಾದೆಯಿಂದ ತೋರಿಸಿದ ಒಬ್ಬ ನಟನನ್ನೂ ಆ ಪಾಠಕ್ಕೇ ಬಳಸೋದು ಅನ್ಯಾಯ.

ಮೂರು ಸಲ ಆಸ್ಕರ್ ನಾಮಿನೇಷನ್, ಒಂದೂ ಬರಲಿಲ್ಲ. 1996ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ರೋಮಿನವರು ಟ್ರೆವಿ ಕಾರಂಜಿಯ ನೀರು ನಿಲ್ಲಿಸಿ ಕಪ್ಪು ಬಟ್ಟೆ ಹೊದಿಸಿದ್ರು. ನೀರು ನಿಂತ ಮೇಲೂ ಕಥೆ ಇದೆ ಅಂತ ಅವರಿಗೆ ಗೊತ್ತಿತ್ತು.

‘ಎ ಸ್ಪೆಷಲ್ ಡೇ’ಯಿಂದ ಶುರು ಮಾಡಿ. ನೋಡಿದ ಮೇಲೆ ಕಾಮೆಂಟಲ್ಲಿ ಜಗಳ ಆಡೋಣ.