ಪುಟ್ಟ ಕುಂಡ ನೋಡಿ ಮೋಸ ಹೋಗ್ಬೇಡಿ (ಭಾಗ 6)

ಮೊದಲನೇ ಫೋಟೋ ಇಂಗ್ಲೆಂಡಲ್ಲಿರೋ ನಮ್ಮಕ್ಕನ ಮನೆ ಮುಂದಿನ ಲ್ಯಾವೆಂಡರ್. ಚೆನ್ನಾಗಿದೆ ಅಲ್ವಾ? ಈಗ ಸ್ವೈಪ್ ಮಾಡಿ, ಗೇಟಿಂದ ಬಾಗಿಲಿಗೆ ಹೋಗೋ ದಾರಿ ಎಲ್ಲಿದೆ ಹುಡುಕಿ!

ತಂದಾಗ ಗಿಡ ಅಂಗೈಯಷ್ಟೇ ಇತ್ತಂತೆ. ‘ಗ್ರೋಸೋ’ ಅನ್ನೋ ತಳಿ. ಫ್ರಾನ್ಸಲ್ಲಿ ಎಣ್ಣೆಗೋಸ್ಕರ ಹೊಲಗಟ್ಟಲೆ ಬೆಳೆಯೋ ಇದು ಸುಮಾರು 3 ಅಡಿ ಅಗಲ ಹರಡುತ್ತೆ. ಅಕ್ಕ ಬಣ್ಣ ನೋಡಿ 6 ಗಿಡ ದಾರಿ ಅಂಚಿಗೇ ನೆಟ್ಟಳು. ಈ ಜುಲೈಲಿ ಅಲ್ಲಿಗೆ ಹೋಗಿದ್ದ ಅಜ್ಜಿ, ಹೂ ತುಂಬಾ ಜೇನ್ನೊಣ ನೋಡಿ, ಕೋಲು ಹಿಡ್ಕೊಂಡು ಆ ಸಂದೀಲಿ ನಡೆಯೋಕೆ ಹೆದರಿ ಮನೆಯೊಳಗೇ ಕೂತುಬಿಟ್ರು. ನಂಗೆ ಸಿಟ್ಟು ಬಂದಿದ್ದು ಅದಕ್ಕೇ.

‘ಕತ್ತರಿಸಿದ್ರಾಯ್ತು’ ಅಂತೀರಾ? ಹಾಗಾಗಲ್ಲ. ಎಲೆ ಇಲ್ಲದ ಹಳೇ ಕಾಂಡದವರೆಗೆ ಕತ್ತರಿಸಿದ್ರೆ ಲ್ಯಾವೆಂಡರ್ ಸಾಮಾನ್ಯವಾಗಿ ಮತ್ತೆ ಚಿಗುರಲ್ಲ. ಹಾಗಾಗಿ ಅಳತೆ ತೀರ್ಮಾನ ಆಗ್ಬೇಕಾದ್ದು ಗಿಡ ಕೊಳ್ಳುವಾಗಲೇ. ಬರೀ ಇಎಂಐ ನೋಡಿ ಫೋನ್ ತಗೊಂಡ ನಮ್ಮ ಬಿಕಾಂ ಬೆಂಚಿನವರಿಗೆ ಇದು ಅರ್ಥ ಆಗುತ್ತೆ ಬಿಡಿ.

ದಾರಿ ಪಕ್ಕಕ್ಕೆ ‘ಹಿಡ್‌ಕೋಟ್’, ‘ಮನ್‌ಸ್ಟೆಡ್’ ಸಾಕು, ಹೆಚ್ಚಂದ್ರೆ 2 ಅಡಿ. ಗ್ರೋಸೋ ಬೇಕೇ ಬೇಕಂದ್ರೆ ಬೇಲಿ ಮೂಲೆಗೆ ಹಾಕಿ.

ಅಕ್ಕಂಗೆ ಮಾತ್ರ ಕೀಳೋಕೆ ಮನಸ್ಸಿಲ್ಲ. ಅಜ್ಜಿ ಮುಂದಿನ ಜುಲೈಗೆ ಮತ್ತೆ ಹೋಗ್ತಾರೆ. ಕಾಮೆಂಟಲ್ಲಿ ಸ್ವಲ್ಪ ಬುದ್ಧಿ ಹೇಳ್ರಪ್ಪಾ, ಅವಳು ಓದ್ತಾಳೆ.