ಪಾಠಕ್ಕೆ ಫೋನು ಬರಲಿ, ಮಕ್ಕಳಿಗೆ ಖಾತೆ ಬೇಡ

ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಪೋಷಕರು, ಶಿಕ್ಷಕರು ಹಾಗೂ ಎಸ್‌ಡಿಎಂಸಿ ಸದಸ್ಯರಲ್ಲಿ ಮನವಿ



ಶಾಲೆಯಲ್ಲಿ ಮೊಬೈಲು ಬೇಕೋ ಬೇಡವೋ ಎಂಬ ಜಗಳ ಹೋಟೆಲು, ಬಸ್‌ಸ್ಟ್ಯಾಂಡುಗಳಲ್ಲೂ ನಡೆಯುತ್ತಿದೆ. ಕಾಲ ಬದಲಾಗಿದೆ ಎಂದು ಕೆಲವರು, ಮಕ್ಕಳು ಕೆಟ್ಟುಹೋಗುತ್ತವೆ ಎಂದು ಕೆಲವರು. ಫೋನು ಯಾರ ಕೈಯಲ್ಲಿರಬೇಕು, ಯಾವ ಕೆಲಸಕ್ಕಿರಬೇಕು ಎಂದು ಮಾತ್ರ ಯಾರೂ ಕೇಳುತ್ತಿಲ್ಲ. ನಮ್ಮ ನಿಲುವು ಇಷ್ಟೆ: ಇಂಟರ್ನೆಟ್ಟು ತರಗತಿಗೆ ಧಾರಾಳವಾಗಿ ಬರಲಿ, ಮೇಷ್ಟ್ರ ಕೈಯಲ್ಲಿ, ಶಾಲೆಯ ಸಲಕರಣೆಯಾಗಿ ಬರಲಿ. ಪಾಠದ ನೆಪದಲ್ಲಿ ಮಗುವಿಗೆ ಸ್ವಂತ ಫೋನು, ಸ್ವಂತ ಖಾತೆ ಮಾಡಿಸುವುದು ಬೇಡ.

ಬೇಲೂರಿನ ಚೆನ್ನಕೇಶವನ ಗುಡಿಗೆ ನಮ್ಮ ಮಕ್ಕಳು ಹೋಗುವುದು ಇದ್ದದ್ದೇ. 1117, ವಿಷ್ಣುವರ್ಧನ ಎಂದು ಬರೆದುಕೊಂಡು, ಸಾಲಾಗಿ ಒಂದು ಸುತ್ತು ಬಂದು, ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ವಾಪಸು. ಮದನಿಕೆಯರು ಸೂರಿನಡಿ ಅಷ್ಟೆತ್ತರದಲ್ಲಿದ್ದಾರೆ. ಐದನೇ ಕ್ಲಾಸಿನ ಹುಡುಗಿ ಕತ್ತು ನೋಯುವಷ್ಟು ತಲೆಯೆತ್ತಿದರೂ ಕಾಣುವುದು ಕಪ್ಪನೆ ಆಕಾರ. ಮೇಷ್ಟ್ರು ತಮ್ಮ ಫೋನಿನಲ್ಲಿ ಜೂಮ್ ಮಾಡಿ ತೆಗೆದ ಫೋಟೊ ಮರುದಿನ ಶಾಲೆಯ ಟಿವಿಯಲ್ಲಿ ಬರಲಿ. ಒಬ್ಬಳ ನೆತ್ತಿಯ ಮೇಲಿನ ಬಳ್ಳಿಚಪ್ಪರದಲ್ಲಿ ಹಣ್ಣು, ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ಕೆಲವು ಶಿಲ್ಪಗಳ ಪಾದದಡಿಯಲ್ಲಿ ರೂವಾರಿಯೇ ತನ್ನ ಹೆಸರು, ಬಿರುದು ಕೆತ್ತಿಟ್ಟಿದ್ದಾನೆ. ಬಳ್ಳಿಗಾವಿಯಿಂದ ಬಂದ ದಾಸೋಜನೂ ಅವನ ಮಗ ಚಾವಣನೂ ನಮಗೆ ಗೊತ್ತಾಗಿರುವುದು ಹೀಗೆಯೇ. ಹೊಯ್ಸಳರ ಕಾಲದ ಲಿಪಿಯಲ್ಲಿ ಇವತ್ತಿನ ಮಗು ಗುರುತು ಹಿಡಿಯಬಲ್ಲ ಅಕ್ಷರಗಳಿವೆ. ಅವನ್ನು ಒಂದೊಂದೇ ಕೂಡಿಸಿ ಒಂದು ಹೆಸರು ಓದಿದ ಮಗು ಮುಂದಿನ ಸಲ ಗುಡಿಗೆ ಹೋದಾಗ ಸುಮ್ಮನೆ ಒಂದು ಸುತ್ತು ಬಂದು ಹೊರಡುವುದಿಲ್ಲ.

ಹಲ್ಮಿಡಿಯೂ ಬೇಲೂರು ತಾಲ್ಲೂಕಿನದೇ ಊರು. ಅಲ್ಲಿ ಸಿಕ್ಕ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ. ಎಲ್ಲ ಶಾಲೆಗೂ ಮೈಸೂರಿಗೆ ಬಸ್ಸು ಮಾಡಲಾಗದು, ಆದರೆ ಆ 16 ಸಾಲುಗಳ ಚಿತ್ರ ಪರದೆಯ ಮೇಲೆ ಬರಲು ಖರ್ಚೇನಿಲ್ಲ.

ಅರಸೀಕೆರೆ ಕಡೆಯವರಿಗೆ ಕಲ್ಲಿಗಿಂತ ಕೊಬ್ಬರಿ ಹತ್ತಿರ. ಎಪಿಎಂಸಿ ಧಾರಣೆ ದಿನವೂ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಬರುತ್ತದೆ. ಒಂದು ತಿಂಗಳ ಧಾರಣೆ ತೆಗೆದು ಎಂಟನೇ ಕ್ಲಾಸಿನಲ್ಲಿ ಗ್ರಾಫ್ ಹಾಕಿಸಿ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಕೊಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅದಕ್ಕೊಂದು ಅಡ್ಡಗೆರೆ ಎಳೆಸಿ. ಅಪ್ಪ ಯಾಕೆ ಕೊಬ್ಬರಿ ಮಾರದೆ ಅಟ್ಟದಲ್ಲೇ ಇಟ್ಟುಕೊಂಡಿದ್ದಾರೆ ಎಂದು ಮಗ ಮನೆಯಲ್ಲಿ ಕೇಳಿದರೆ ಲೆಕ್ಕದ ಪಾಠ ತಲೆಗೆ ಹತ್ತಿತು ಎಂದೇ ಅರ್ಥ.

ಸಲಕರಣೆಗೇನೂ ಬರವಿಲ್ಲ. 2017ರಲ್ಲಿ ಶುರುವಾದ ದೀಕ್ಷಾ ಆ್ಯಪಿಗೆ ಪಠ್ಯಪುಸ್ತಕದ ಕ್ಯೂಆರ್ ಕೋಡು ಜೋಡಿಸಿದ್ದಾರೆ, ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ನಮ್ಮ ರಾಜ್ಯದ ಶಿಕ್ಷಕರೇ ಬರೆದು ಹಂಚಿಕೊಂಡ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವಿದೆ. ಹೀಗಿದ್ದೂ ನಮ್ಮಲ್ಲಿ ‘ಆನ್‌ಲೈನ್ ಶಿಕ್ಷಣ’ ಎಂದರೆ ರಾತ್ರಿ ಒಂಬತ್ತಕ್ಕೆ ವಾಟ್ಸ್ಆ್ಯಪ್ ಗುಂಪಿಗೆ ಬಂದು ಬೀಳುವ ಹೋಂವರ್ಕು!

2020ರಲ್ಲಿ ಶಾಲೆ ಮುಚ್ಚಿದಾಗ ಅನುಭವಿಸಿದ್ದನ್ನು ಇಷ್ಟು ಬೇಗ ಮರೆತೆವೆ? ಫೋನು ಇದ್ದ ಮನೆಗೆ ಪಾಠ ಬಂತು, ಇಲ್ಲದ ಮನೆಗೆ ಇಲ್ಲ. ಚಂದನ ಟಿವಿಯಲ್ಲಿ ಬಂದ ಸಂವೇದ ಪಾಠ, ಆಮೇಲೆ ಮರದಡಿ, ಜಗಲಿಯ ಮೇಲೆ ನಡೆದ ವಿದ್ಯಾಗಮ, ಎಲ್ಲವೂ ಆ ಕಂದಕ ಮುಚ್ಚಲು ಮಾಡಿದ ಪ್ರಯತ್ನಗಳೇ. ಅರೇಹಳ್ಳಿ, ಬಿಕ್ಕೋಡು ಕಡೆ ತೋಟದ ಲೈನುಮನೆಯಲ್ಲಿ ಒಂದೇ ಫೋನು, ಅದೂ ಕೆಲಸಕ್ಕೆ ಹೋದ ಅಪ್ಪನ ಜೇಬಿನಲ್ಲಿ. ಹೋಂವರ್ಕು ಅದರೊಳಗಿದ್ದರೆ ಮಗು ಬರೆಯುವುದೆಂತು? ಬರೆಯದ್ದಕ್ಕೆ ಬೆಳಿಗ್ಗೆ ನಿಲ್ಲಿಸುವುದು ಯಾವ ನ್ಯಾಯ?

ಇನ್ನು ಖಾತೆಯ ಮಾತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕಂಪನಿಗಳೇ 13 ತುಂಬದವರು ಬರಬಾರದು ಎನ್ನುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಹುಟ್ಟಿದ ವರ್ಷ ಸುಳ್ಳು ಬರೆದು ಖಾತೆ ತೆರೆಸಿದರೆ ಮಗುವಿಗೆ ನಾವು ಕಲಿಸಿದ್ದೇನು?

ಹಾಗೆಂದು ಸೋಷಿಯಲ್ ಮೀಡಿಯಾ ಮುಟ್ಟಲೇಬಾರದು ಎಂದೂ ನಾವು ಹೇಳುವುದಿಲ್ಲ. ಅದನ್ನೇ ಪಾಠ ಮಾಡಬಹುದು. ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಯುನೆಸ್ಕೊ ಘೋಷಿಸಿದೆ ಎಂಬ ಫಾರ್ವರ್ಡು ವರ್ಷಗಳಿಂದ ಸುತ್ತುತ್ತಿದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು ಎಂಬ ಸುದ್ದಿಯೂ 2023ರ ಸೆಪ್ಟೆಂಬರ್ 18ರಂದು ಅದೇ ಫೋನಿನಲ್ಲೇ ಬಂತು. ಎರಡನ್ನೂ ಬೋರ್ಡಿನ ಮೇಲೆ ಬರೆಯಿರಿ. ಯಾವುದು ನಿಜ, ಹೇಗೆ ಪತ್ತೆ ಹಚ್ಚುವುದು ಎಂದು ಕೇಳಿ. ಯುನೆಸ್ಕೊದ ಪಟ್ಟಿಯನ್ನೇ ತೆರೆದು ತೋರಿಸಿ: ಗುಡಿಗಳು ಅಲ್ಲಿವೆ. ರಾಷ್ಟ್ರಗೀತೆಗೆ ಅಂಥ ಬಿರುದನ್ನು ತಾನು ಕೊಟ್ಟಿಲ್ಲವೆಂದು ಯುನೆಸ್ಕೊವೇ ಹೇಳಿದೆ. ಹಳೇಬೀಡಿನ ಹುಡುಗ ಇಷ್ಟು ಕಲಿತರೆ ನಾಳೆ ಮನೆಯ ದೊಡ್ಡವರ ಫಾರ್ವರ್ಡುಗಳಿಗೂ ಬ್ರೇಕು ಹಾಕುತ್ತಾನೆ (ದೊಡ್ಡವರಿಗೇ ಈ ಪಾಠ ಹೆಚ್ಚು ಬೇಕಾಗಿದೆ ಎನ್ನಿ).

ಆದ್ದರಿಂದ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಎದ್ದು ನಿಂತು ಕೇಳಬೇಕು. ಹೋಂವರ್ಕನ್ನು ಬೋರ್ಡಿನ ಮೇಲೆ ಬರೆದು ಡೈರಿಗೆ ಇಳಿಸಲಿ. ವಾಟ್ಸ್ಆ್ಯಪ್ ಗುಂಪು ರಜೆ, ಸಭೆಗಳ ಸೂಚನೆಗೆ ಮಾತ್ರ ಇರಲಿ. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಮುಖ ಯಾವ ಸ್ಟೇಟಸ್ಸಿಗೂ ರೀಲ್ಸಿಗೂ ಹೋಗದಿರಲಿ. ಕೆಟ್ಟು ಮೂಲೆ ಸೇರಿದ ಟಿವಿ, ಪ್ರೊಜೆಕ್ಟರ್ ರಿಪೇರಿಯಾಗಲಿ, ಮೇಷ್ಟ್ರು ಪಾಠಕ್ಕೆ ಸುಡುವ ಡೇಟಾದ ಖರ್ಚನ್ನು ಅವರ ಜೇಬಿಗೆ ಬಿಡದೆ ಶಾಲೆ ಭರಿಸಲಿ. ಇದಕ್ಕೆ ಹಾಸನಕ್ಕೂ ಬೆಂಗಳೂರಿಗೂ ಅರ್ಜಿ ಹಿಡಿದು ಅಲೆಯುವ ಮೊದಲು ನಿಮ್ಮೂರ ಶಾಲೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ.

ಇಂತಿ,
ಕೆಲವು ಪೋಷಕರು ಮತ್ತು ನಿವೃತ್ತ ಶಿಕ್ಷಕರು