ಬಳೆ ಬಿಗಿಯಾದಾಗ

ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯಾಗಿ ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಒಂದು ಬೆಳಿಗ್ಗೆ ಆ ಬದಿಯ ಕೈಗೆ ಬಳೆ ಏರುವುದಿಲ್ಲ; ರವಿಕೆಯ ತೋಳು ಬಿಗಿಯುತ್ತದೆ. ಹೆಚ್ಚು ನೋವಿಲ್ಲದ ಕಾರಣ ಮನೆಯವರು ಅದನ್ನು ಲೆಕ್ಕಿಸುವುದಿಲ್ಲ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ವಿಕಿರಣ ಕೊಟ್ಟಾಗ ದುಗ್ಧರಸದ ಹಾದಿ ಕುಗ್ಗಿ, ದ್ರವವು ತೋಳಿನಲ್ಲಿ ನಿಲ್ಲುತ್ತದೆ. ಇದೇ ಲಿಂಫೆಡೀಮಾ. ಚಿಕಿತ್ಸೆ ಪಡೆದವರಲ್ಲಿ ಸುಮಾರು ಐವರಿಗೊಬ್ಬರನ್ನು ಇದು ಕಾಡುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಗೆ ಇದು ಇಳಿಯದು. ಅಲಕ್ಷಿಸಿದರೆ ಚರ್ಮ ಗಡುಸಾಗುತ್ತದೆ, ಸಣ್ಣ ಗೀರೂ ಸೋಂಕಾಗಿ ಜ್ವರ ತರಬಲ್ಲದು.

ಕ್ಯಾನ್ಸರ್ ಮರಳಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಬಳಿಕ ತರಬೇತಿ ಪಡೆದವರು ಚರ್ಮದ ಆರೈಕೆ, ಹಗುರ ಕೈಯ ಮರ್ದನ, ಪದರ ಪದರವಾದ ಬ್ಯಾಂಡೇಜು, ವ್ಯಾಯಾಮಗಳಿಂದ ಊತವನ್ನು ಇಳಿಸುತ್ತಾರೆ. ಇಳಿದುದು ಮತ್ತೆ ಏರದಂತೆ ಅಳತೆಗೆ ತಕ್ಕ ಬಿಗಿತೋಳನ್ನು ಧರಿಸಬೇಕು. (ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವ ಮನೆಮದ್ದು ಈ ಮರ್ದನವಲ್ಲ.) ಕಾಸರಗೋಡಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಉಳಿಯತ್ತಡ್ಕದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯು ಆನೆಕಾಲಿನ ಊತಕ್ಕೆ ಆಧುನಿಕ ವೈದ್ಯ, ಆಯುರ್ವೇದ, ಯೋಗ, ಬ್ಯಾಂಡೇಜುಗಳನ್ನು ಕೂಡಿಸಿ ರೂಪಿಸಿದ ಚಿಕಿತ್ಸೆ ವಿದೇಶದ ವೈದ್ಯರ ಗಮನವನ್ನೂ ಸೆಳೆದಿದೆ.

ಕೊರತೆಯಿರುವುದು ಮೊದಲೇ ತಿಳಿಸುವುದರಲ್ಲಿ. ಗಡಿನಾಡಿನ ಮಹಿಳೆ ಶಸ್ತ್ರಕ್ರಿಯೆಗೆ ಮಂಗಳೂರಿಗೋ ತಲಶ್ಶೇರಿಗೋ ಹೋಗುತ್ತಾಳೆ. ಸಹಿ ಹಾಕುವ ಸಮ್ಮತಿಪತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರಬಹುದು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿದಂತೆ, ಚಿಕಿತ್ಸೆಯ ಸ್ವರೂಪ, ಪರ್ಯಾಯ, ಗಣನೀಯ ಅಪಾಯಗಳನ್ನು ತಿಳಿದ ಮೇಲೆ ಕೊಟ್ಟದ್ದೇ ನಿಜವಾದ ಸಮ್ಮತಿ. ತೀರಾ ವಿರಳವಾದ ಅಪಾಯಗಳನ್ನೆಲ್ಲ ವೈದ್ಯರು ವಿವರಿಸಬೇಕಿಲ್ಲವೆಂದೂ ಅದೇ ತೀರ್ಪು ಹೇಳುತ್ತದೆ. ಐವರಲ್ಲಿ ಒಬ್ಬರಿಗೆ ಬರುವುದನ್ನು ವಿರಳವೆನ್ನಲಾದೀತೆ? ಓದಲಾಗದ ಕಾಗದದ ಮೇಲಿನ ಹೆಬ್ಬೆಟ್ಟು ತಿಳಿವಳಿಕೆಗೆ ಸಾಕ್ಷಿಯಾದೀತೆ?

ವೆಚ್ಚದ ಮಾತು ಬೇರೆಯೇ. ಇಲ್ಲಿನ ಬಹುತೇಕ ಆರೋಗ್ಯ ವಿಮೆಗಳು ಆಸ್ಪತ್ರೆವಾಸಕ್ಕೆ ಒಲಿಯುತ್ತವೆಯೇ ಹೊರತು, ಆರು ತಿಂಗಳಿಗೊಮ್ಮೆ ಬದಲಿಸಬೇಕಾದ ಬಿಗಿತೋಳಿಗಲ್ಲ. ಅಮೆರಿಕದಲ್ಲೂ ಹಿರಿಯರ ಸರಕಾರಿ ವಿಮೆಯಾದ ಮೆಡಿಕೇರ್ ಇದರ ವೆಚ್ಚ ಕೊಡತೊಡಗಿದ್ದು 2024ರ ಜನವರಿಯಿಂದ, ಅದೂ ಹೊಸ ಕಾನೂನು ಬಂದ ಮೇಲೆ.

ಸದ್ಯಕ್ಕೆ ಮಾಡಬಹುದಾದದ್ದು ಒಂದಿದೆ. ಶಸ್ತ್ರಕ್ರಿಯೆಗೆ ಮುನ್ನವೇ ಎರಡೂ ತೋಳುಗಳ ಸುತ್ತಳತೆಯನ್ನು ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆದುಕೊಡುವಂತೆ ಕೇಳಬೇಕು. ಮುಂದೆ ಊತ ಬಂದಾಗ ಹೋಲಿಸಲು ಅದು ಒಳ್ಳೆಯ ಆಧಾರವಾಗುತ್ತದೆ.